ಡಬ್ಬದ ಮೇಲೆ 1200, ಮೇಲಿನ ರೂಮಲ್ಲಿ 11: ಕರೆಂಟ್ ವೈರಲ್ಲಿ ನೆಟ್ ಎಳೆದ ಲೆಕ್ಕ

ಮೂರು ವಾರದಿಂದ ನಮ್ಮ ಮನೇಲಿ ಇದೇ ಮಾತು, ಮೇಲಿನ ರೂಮಿಗೆ ನೆಟ್ ಹೇಗೆ ತಗೊಂಡು ಹೋಗೋದು ಅಂತ. ಮೈಸೂರಲ್ಲಿ ಹಳೇ ಮನೆ, ಕೆಳಗಡೆ ತಾತ ಕಟ್ಟಿಸಿದ್ದು, ಗೋಡೆ ಒಂದೂವರೆ ಅಡಿ ದಪ್ಪ, ಮಹಡಿ ಮಾತ್ರ 2009ರಲ್ಲಿ ಎಬ್ಬಿಸಿದ್ದು. ಫೈಬರ್ ಬಂದಿರೋದು ಮುಂದಿನ ಹಾಲಿಗೆ, ನಾನು ಕೆಲಸ ಮಾಡೋದು ಮಹಡಿ ಮೇಲೆ ಹಿಂದಿನ ರೂಮಲ್ಲಿ. 5 ಗಿಗಾಹರ್ಟ್ಸ್ ವೈಫೈ ಅರ್ಧ ಮೆಟ್ಟಿಲು ಹತ್ತೋಷ್ಟರಲ್ಲಿ ಕೈಕೊಡುತ್ತೆ, 2.4 ಸಿಗುತ್ತೆ ಆದ್ರೆ ಒಂದು ನಿಮಿಷ 20 ಎಂಬಿಪಿಎಸ್ (ಸೆಕೆಂಡಿಗೆ ಇಷ್ಟು ಮೆಗಾಬಿಟ್ ಅಂತ, ಮುಂದಿನ ಸ್ಪೀಡ್ ಅಂಕಿಗಳೂ ಇದೇ ಲೆಕ್ಕ) ಬಂದ್ರೆ ಇನ್ನೊಂದು ನಿಮಿಷ 3, ಮೀಟಿಂಗ್ ಮಧ್ಯ ಮಾತೇ ನಿಂತು ಹೋಗುತ್ತೆ.

ಕ್ಯಾಟ್ 6 ಅನ್ನೋ ನೆಟ್‌ವರ್ಕ್ ಕೇಬಲ್ ಎಳೀರಿ ಅಂತ ಎಲ್ರೂ ಹೇಳ್ತಾರೆ, ಸರಿಯಾದ ಮಾತೇ, ಅದಕ್ಕಿಂತ ಒಳ್ಳೇದು ಇಲ್ಲ. ಆದ್ರೆ ಹಾಲಿನ ರೆಡ್ ಆಕ್ಸೈಡ್ ನೆಲ, ಈಗಷ್ಟೇ ಪೇಂಟ್ ಆಗಿರೋ ಗೋಡೆ, ಅದನ್ನ ಕೊರೆಯೋದಕ್ಕೆ ಅಪ್ಪನಿಗೆ ಮನಸ್ಸಿಲ್ಲ, ನಂಗೂ ಇಲ್ಲ. ಅಷ್ಟರಲ್ಲಿ ಜರ್ಮನಿಯಲ್ಲಿರೋ ನಮ್ಮ ಚಿಕ್ಕಪ್ಪನ ಮಗ ರಜಕ್ಕೆ ಬಂದೋನು ಪವರ್‌ಲೈನ್ ಅಡಾಪ್ಟರ್ ಒಂದು ಜೊತೆ ತಂದುಕೊಟ್ಟ. ಒಂದನ್ನ ರೌಟರ್ ಹತ್ರ ಸಾಕೆಟ್‌ಗೆ ಹಾಕಿ ಕೇಬಲ್ ಸಿಗಿಸೋದು, ಇನ್ನೊಂದನ್ನ ಮೇಲೆ ಹಾಕೋದು, ಮಧ್ಯ ಮನೆಯ ಕರೆಂಟ್ ವೈರೇ ನೆಟ್‌ವರ್ಕ್ ಕೇಬಲ್ ಆಗುತ್ತೆ. ಡಬ್ಬದ ಮೇಲೆ ದೊಡ್ಡಕ್ಷರದಲ್ಲಿ 1200 ಎಂಬಿಪಿಎಸ್ ಅಂತ ಇತ್ತು.

ಅಳೆಯೋದಕ್ಕೆ ಮುಂಚೆ ಒಂದು ಮಾತು. ಬ್ರೌಸರಲ್ಲಿ ಸ್ಪೀಡ್ ಟೆಸ್ಟ್ ಮಾಡಿದ್ರೆ ನಿಮ್ಮ ಇಂಟರ್ನೆಟ್ ಪ್ಲಾನ್ ಎಷ್ಟಿದೆಯೋ ಅದಕ್ಕಿಂತ ಜಾಸ್ತಿ ತೋರಿಸೋಕೆ ಸಾಧ್ಯ ಇಲ್ಲ, ನಮ್ಮದು 100ರ ಪ್ಲಾನು. ಅದಕ್ಕೆ ಕೆಳಗಡೆ ರೌಟರ್‌ಗೆ ಹಳೇ ಲ್ಯಾಪ್‌ಟಾಪ್ ಕೇಬಲ್ಲಲ್ಲಿ ಸಿಗಿಸಿ ಅದ್ರಲ್ಲಿ ಐಪರ್ಫ್ 3 (ಎರಡು ಕಂಪ್ಯೂಟರ್ ಮಧ್ಯದ ಸ್ಪೀಡ್ ಅಳೆಯೋ ಪ್ರೋಗ್ರಾಂ) ಸರ್ವರ್ ಓಡಿಸ್ದೆ, ಮೇಲಿನಿಂದ ನನ್ನ ಲ್ಯಾಪ್‌ಟಾಪಲ್ಲಿ ಅದಕ್ಕೆ ಟೆಸ್ಟ್ ಹೊಡೆದೆ, ಎರಡು ದಿಕ್ಕಲ್ಲೂ, ಒಂದೊಂದು ನಿಮಿಷ. ಮೊದಲು ಎರಡೂ ಅಡಾಪ್ಟರ್‌ನ ಹಾಲಲ್ಲೇ ಅಕ್ಕಪಕ್ಕದ ಗೋಡೆ ಸಾಕೆಟ್‌ಗೆ ಹಾಕಿ ನೋಡಿದಾಗ 362 ಬಂತು. ಮೇಲೆ ತಗೊಂಡು ಹೋಗಿ ಟೇಬಲ್ ಕೆಳಗಿನ ಸ್ಪೈಕ್ ಗಾರ್ಡ್‌ಗೆ ಹಾಕಿದ್ರೆ 11. ಎರಡು ಮೂರು ಸಲ ನೋಡಿದೆ, ಹನ್ನೊಂದೇ.

ಇಲ್ಲಿ ಆ 1200 ಅಂದ್ರೆ ಏನು ಅಂತ ಹೇಳ್ಬೇಕು, ಯಾಕಂದ್ರೆ ಜನಕ್ಕೆ ಬೇಜಾರಾಗೋದು ಇಲ್ಲೇ. 2001ರಲ್ಲಿ ಈ ಅಡಾಪ್ಟರ್‌ಗಳಿಗೆ ಹೋಮ್‌ಪ್ಲಗ್ ಅನ್ನೋ ಮೊದಲ ಸ್ಟ್ಯಾಂಡರ್ಡ್ ಬಂದಾಗ 14 ಎಂಬಿಪಿಎಸ್, 2005ರಲ್ಲಿ ಅದರ ಮುಂದಿನ ಎವಿ ಸ್ಟ್ಯಾಂಡರ್ಡ್‌ಗೆ 200, ಆಮೇಲೆ 500, 600, 1200, 2000 ಅಂತ ಏರ್ತಾ ಹೋಯ್ತು. ಇವೆಲ್ಲ ಎರಡು ಅಡಾಪ್ಟರ್ ಮಧ್ಯ ವೈರ್ ಮೇಲೆ ಓಡೋ ಕಚ್ಚಾ ಬಿಟ್‌ಗಳ ಲೆಕ್ಕ. ತಪ್ಪು ತಿದ್ದೋಕೆ ಸೇರಿಸಿದ ಬಿಟ್, ನಂಗೆ ಬಂತು ಅಂತ ಹೇಳೋ ಉತ್ತರ, ಸರದಿಗೆ ಕಾಯೋ ಟೈಮು, ಎಲ್ಲಾ ಅದರೊಳಗೇ ಇರುತ್ತೆ. ಜೊತೆಗೆ ಹೋಗೋದಕ್ಕೂ ಬರೋದಕ್ಕೂ ಇರೋದು ಒಂದೇ ದಾರಿ, ನಮ್ಮ ಚಾಮರಾಜನಗರದ ರೈಲ್ವೆ ಲೈನ್ ಥರ ಸಿಂಗಲ್ ಟ್ರ್ಯಾಕ್, ಒಂದು ಗಾಡಿ ಬರ್ತಾ ಇದ್ರೆ ಇನ್ನೊಂದು ಸ್ಟೇಷನ್ನಲ್ಲಿ ನಿಲ್ಲಬೇಕು. ಹಾಗಾಗಿ ಎಲ್ಲಾ ಚೆನ್ನಾಗಿದ್ರೂ ಅಡಾಪ್ಟರ್‌ನ ಆ್ಯಪಲ್ಲಿ ತೋರಿಸೋ ಸ್ಪೀಡಲ್ಲಿ ಸುಮಾರು ಅರ್ಧ ಕೈಗೆ ಸಿಕ್ಕಿದ್ರೆ ಅದೇ ನ್ಯಾಯವಾದ ಲೆಕ್ಕ. 600 ಅಂತ ಬರೆದಿರೋ ಎಷ್ಟೋ ಅಡಾಪ್ಟರ್‌ಗಳಲ್ಲಿ ಇರೋ ಎತರ್ನೆಟ್ ಪೋರ್ಟೇ 100ರದ್ದು, ಅದ್ರಲ್ಲಿ ಏನೇ ಮಾಡಿದ್ರೂ 94ರ ಮೇಲೆ ಬರಲ್ಲ, ಕೊಳ್ಳೋರು ದಯವಿಟ್ಟು ಪೋರ್ಟ್ ಗಿಗಾಬಿಟ್ ಹೌದಾ ಅಂತ ಮೊದಲು ನೋಡಿ.

ಇನ್ನೊಂದು. ಹಳೇ ಎವಿ ಅಡಾಪ್ಟರ್‌ಗಳು ಹೆಚ್ಚುಕಮ್ಮಿ 2ರಿಂದ 28 ಮೆಗಾಹರ್ಟ್ಸ್ ಒಳಗೆ ನೂರಾರು ಸಣ್ಣ ಸಣ್ಣ ಕ್ಯಾರಿಯರ್ (ಡೇಟಾ ಹೊತ್ತೊಯ್ಯೋ ಅಲೆ) ಇಟ್ಕೊಂಡು ಕೆಲಸ ಮಾಡ್ತವೆ (ಹ್ಯಾಮ್ ರೇಡಿಯೋದವರ ಬ್ಯಾಂಡ್‌ಗೆ ತೊಂದ್ರೆ ಆಗಬಾರದು ಅಂತ ಮಧ್ಯ ಮಧ್ಯ ಖಾಲಿ ಬಿಟ್ಟಿರ್ತಾರೆ, ಇದು ನಂಗೆ ತುಂಬಾ ಹಿಡಿಸ್ತು). 2012ರ ಎವಿ 2ರಲ್ಲಿ ಅದನ್ನ 86ರವರೆಗೂ ಹಿಗ್ಗಿಸಿದ್ರು. ಡಬ್ಬದ ಮೇಲಿನ ಅಂಕಿ ದೊಡ್ಡದಾಗಿದ್ದರಲ್ಲಿ ಅದರ ಪಾಲು ದೊಡ್ಡದು, ಆದ್ರೆ ವೈರ್ ಉದ್ದ ಆದ ಹಾಗೆ ಮೊದಲು ಸಾಯೋದು ಆ ಮೇಲಿನ ಫ್ರೀಕ್ವೆನ್ಸಿಗಳೇ. ಪಕ್ಕದ ರೂಮಿಗಾದ್ರೆ ಹೊಸ ಮಾಡೆಲ್ ಉಪಯೋಗಕ್ಕೆ ಬರುತ್ತೆ, ದೂರದ ರೂಮಿಗೆ 1200 ಬದಲು 2400 ತಂದ್ರೆ ಡಬಲ್ ಆಗುತ್ತೆ ಅಂದ್ಕೊಂಡು ದುಡ್ಡು ಹಾಕಬೇಡಿ.

ಈಗ ಅಪ್ಪನ ವಿಷಯಕ್ಕೆ ಬರ್ತೀನಿ, ಈ ಕೆಲಸ ಅರ್ಧಕ್ಕಿಂತ ಜಾಸ್ತಿ ಅವರದ್ದೇ. ಅಪ್ಪ ಕೆಇಬಿಯಲ್ಲಿ ಇದ್ದವರು, ಸಬ್‌ಸ್ಟೇಷನ್ನಲ್ಲಿ ಶಿಫ್ಟ್ ಆಪರೇಟರ್. ನಾನು 11 ಬಂತು ಅಂತ ಸಪ್ಪೆ ಮುಖ ಹಾಕ್ಕೊಂಡು ಕೆಳಗೆ ಬಂದು ವಿಷಯ ಹೇಳಿದ್ರೆ ಅವರು "ಇದು ನಮ್ಮ ಪಿಎಲ್‌ಸಿಸಿ ಅಲ್ವೇನೋ" ಅಂದ್ರು. ನಂಗೆ ಗೊತ್ತೇ ಇರಲಿಲ್ಲ. ಒಂದು ಸ್ಟೇಷನ್ನಿಂದ ಇನ್ನೊಂದಕ್ಕೆ ಮಾತಾಡೋಕೆ ಅವರು ಹೈ ಟೆನ್ಷನ್ ಲೈನನ್ನೇ ಟೆಲಿಫೋನ್ ವೈರ್ ಮಾಡ್ಕೊಂಡಿದ್ರಂತೆ, ಪವರ್ ಲೈನ್ ಕ್ಯಾರಿಯರ್ ಅಂತ. ಲೈನ್ ಸ್ಟೇಷನ್ ಒಳಗೆ ಬರೋ ಕಡೆ ದಪ್ಪ ಪಂಜರದ ಥರ ಸುರುಳಿ ನೇತಾಡ್ತಾ ಇರುತ್ತಲ್ಲ, ಅದು ವೇವ್ ಟ್ರ್ಯಾಪ್. 50 ಹರ್ಟ್ಸ್ ಕರೆಂಟನ್ನ ಒಳಗೆ ಬಿಡುತ್ತೆ, ಮಾತಿನ ಕ್ಯಾರಿಯರ್‌ನ ತಡೆದು ಪಕ್ಕದಿಂದ ಟೆಲಿಫೋನ್ ಕಡೆ ತಿರುಗಿಸೋಕೆ ಅನುಕೂಲ ಮಾಡುತ್ತೆ. "ನಿನ್ನ ಸ್ಪೈಕ್ ಗಾರ್ಡ್ ಒಳಗೆ ಏನಿದೆ ನೋಡು, ಫಿಲ್ಟರ್ ಇದ್ರೆ ಅದು ಟ್ರ್ಯಾಪ್ ಮಾಡೋ ಕೆಲಸಾನೇ ಮಾಡ್ತಿರುತ್ತೆ" ಅಂದ್ರು. ಮೇಲೆ ಹೋಗಿ ಅಡಾಪ್ಟರ್‌ನ ಸ್ಪೈಕ್ ಗಾರ್ಡಿಂದ ಕಿತ್ತು ನೇರವಾಗಿ ಗೋಡೆ ಸಾಕೆಟ್‌ಗೆ ಹಾಕ್ದೆ. 58.

ಎರಡನೇದು ಅರ್ಥಿಂಗು. ಈ ಎವಿ 2 ಅಡಾಪ್ಟರ್‌ಗಳು ಫೇಸ್ ನ್ಯೂಟ್ರಲ್ ಅಷ್ಟೇ ಅಲ್ಲ, ಅರ್ಥ್ ವೈರನ್ನೂ ಸೇರಿಸಿಕೊಂಡು ಏಕಕಾಲಕ್ಕೆ ಎರಡು ಸಿಗ್ನಲ್ ಕಳಿಸ್ತವೆ, ಮೈಮೋ ಅಂತಾರೆ, 1200 ಅನ್ನೋ ಲೆಕ್ಕದಲ್ಲಿ ಅದೂ ಸೇರಿದೆ. ಆದ್ರೆ ಜರ್ಮನಿ ಪ್ಲಗ್‌ನಲ್ಲಿ ಅರ್ಥ್ ಇರೋದು ಪಕ್ಕದ ಲೋಹದ ಪಟ್ಟಿಯಲ್ಲಿ, ನಮ್ಮ ಮೂರು ತೂತಿನ ಸಾಕೆಟ್‌ಗೆ ಆ ಎರಡು ಪಿನ್ ತಳ್ಳಿದ್ರೆ ಕರೆಂಟ್ ಬರುತ್ತೆ, ಅರ್ಥ್ ಮುಟ್ಟೋದೇ ಇಲ್ಲ. ಲೂಸ್ ಆಗಿ ಕೂತ್ರೆ ಬಿಸಿಯಾಗೋ ಭಯ ಬೇರೆ. ಅಂಗಡೀಲಿ ಸಿಗೋ ಯೂನಿವರ್ಸಲ್ ಪ್ಲಗ್‌ಗಳಲ್ಲೂ ಎಷ್ಟೋ ಸಲ ಆ ಪಟ್ಟಿಗೆ ಕನೆಕ್ಷನ್ ಇರಲ್ಲ. ಪಕ್ಕದಲ್ಲಿ ಕ್ಲಿಪ್ ಇರೋ ಕನ್ವರ್ಷನ್ ಪ್ಲಗ್ ಹುಡುಕಿ ತಂದೆ, ಹಾಕ್ದೆ, ಏನೂ ಬದಲಾಗಲಿಲ್ಲ, 58 ಇದ್ದಿದ್ದು 60 ಆಯ್ತು ಅಷ್ಟೇ.

ಅಪ್ಪ ಮಲ್ಟಿಮೀಟರ್ ತಂದು ಹಾಲಿನ ಸಾಕೆಟ್ ನೋಡಿದ್ರು. ಫೇಸಿಂದ ನ್ಯೂಟ್ರಲ್‌ಗೆ 232 ಇದೆ, ಫೇಸಿಂದ ಅರ್ಥ್‌ಗೆ ಇಟ್ರೆ ಅಂಕಿ ನಿಲ್ಲದೆ ಸುಮ್ನೆ ಅಲ್ಲಾಡ್ತಾ ಇತ್ತು. ಅಂದ್ರೆ ಆ ದೊಡ್ಡ ತೂತಿಗೆ ವೈರೇ ಇಲ್ಲ, ಅಷ್ಟು ವರ್ಷ ಟಿವಿ, ಕಂಪ್ಯೂಟರ್ ಎಲ್ಲಾ ಅದ್ರಲ್ಲೇ ಓಡಿದೆ. ಅಪ್ಪನಿಗೆ ನೆಟ್ ಮರೆತೇ ಹೋಯ್ತು, ಅವತ್ತೇ ಎಲೆಕ್ಟ್ರಿಷಿಯನ್ ಕರೆಸಿ ಡಿಬಿಯಿಂದ (ಮನೆಯ ಎಂಸಿಬಿಗಳೆಲ್ಲ ಇರೋ ಡಬ್ಬ) ಹಸಿರು ಅರ್ಥ್ ವೈರ್ ಎಳೆಸಿದ್ರು, ಹಳೇ ಪೈಪಲ್ಲಿ ಅದೃಷ್ಟಕ್ಕೆ ಜಾಗ ಇತ್ತು. ನನ್ನ ಪ್ರಕಾರ ಈ ಇಡೀ ಪ್ರಯತ್ನದಲ್ಲಿ ಆದ ದೊಡ್ಡ ಲಾಭ ಇದೇ, ಸ್ಪೀಡ್ ಆಮೇಲೆ. ಸ್ಪೀಡ್ 83ಕ್ಕೆ ಬಂತು.

ಮೂರನೇದು ಫೇಸ್. ನಮ್ಮದು ತ್ರೀ ಫೇಸ್ ಕನೆಕ್ಷನ್, ಹಾಲು ಒಂದು ಫೇಸಲ್ಲಿ, ಮಹಡಿ ಇನ್ನೊಂದರಲ್ಲಿ. ಒಂದು ಫೇಸಿಂದ ಇನ್ನೊಂದಕ್ಕೆ ನೇರ ದಾರಿ ಇಲ್ಲ, ಡಿಬಿಯಲ್ಲಿ, ಪೈಪಲ್ಲಿ ವೈರ್‌ಗಳು ಒಂದಕ್ಕೊಂದು ತಾಗಿಕೊಂಡು ಓಡೋ ಕಡೆ ಸಿಗ್ನಲ್ ಒಂಚೂರು ಹಾರಿಕೊಳ್ಳುತ್ತೆ, ಅಷ್ಟೇ. ಯಾವ ಸಾಕೆಟ್ ಯಾವ ಫೇಸು ಅಂತ ತಿಳಿಯೋಕೆ ಡಿಬಿಯಲ್ಲಿ ಒಂದೊಂದೇ ಫೇಸಿನ ಎಂಸಿಬಿಗಳನ್ನ ಇಳಿಸಿ ಎಲ್ಲೆಲ್ಲಿ ಕರೆಂಟ್ ಹೋಯ್ತು ಅಂತ ನೋಡಿ ಬರ್ಕೊಳ್ಳಿ. ಎರಡು ಸಾಕೆಟ್ ಮಧ್ಯ ಮೀಟರ್ ಇಟ್ಟು ನೋಡೋಕೆ ಹೋಗಬೇಡಿ, ಬೇರೆ ಫೇಸ್ ಆಗಿದ್ರೆ ಅಲ್ಲಿ 400 ವೋಲ್ಟ್ ಇರುತ್ತೆ. ಮೆಟ್ಟಿಲ ಕೆಳಗಿನ ಸಾಕೆಟ್ ಮಹಡಿ ಫೇಸಲ್ಲೇ ಇದೆ ಅಂತ ಗೊತ್ತಾಯ್ತು, ರೌಟರಿಂದ ಅಲ್ಲಿಗೆ ಎಂಟು ಮೀಟರ್ ಕೇಬಲ್ ಬಾಗಿಲ ಚೌಕಟ್ಟಿನ ಪಕ್ಕ ಕ್ಲಿಪ್ ಹೊಡೆದು ತಂದು ಅಡಾಪ್ಟರ್‌ನ ಅಲ್ಲಿ ಹಾಕ್ದೆ. 137! ಅಡಾಪ್ಟರ್ ಅವೇ, 11 ಇದ್ದಿದ್ದು 137.

ಅವತ್ತು ರಾತ್ರಿ ನೋಡಿದ್ರೆ 49. ಬೆಳಗ್ಗೆ ಮತ್ತೆ 130 ಚಿಲ್ಲರೆ. ನಾನು ಗೊಂದಲದಲ್ಲಿದ್ದಾಗ ಅಪ್ಪ ಹಳೇ ಡೈರಿ ಒಂದು ತಗೊಂಡು ಸ್ಕೇಲ್ ಇಟ್ಟು ಗೆರೆ ಎಳೆದ್ರು, ಗಂಟೆ, ಸ್ಪೀಡ್, ಷರಾ ಅಂತ ಮೂರು ಕಾಲಂ. ಸ್ಟೇಷನ್ನಲ್ಲಿ ಗಂಟೆಗೊಂದು ಸಲ ವೋಲ್ಟೇಜು, ಲೋಡು ಎಲ್ಲಾ ಲಾಗ್ ಶೀಟಿಗೆ ಬರೆದವರು, ಒಂದು ರೀಡಿಂಗ್ ನೋಡಿ ಲೈನ್ ಬಗ್ಗೆ ತೀರ್ಮಾನ ಮಾಡಬಾರದು ಅನ್ನೋದು ಅವರ ಮಾತು. ನಾನು ಟೆಸ್ಟ್ ಬಟನ್ ಥರ ಒಂದು ಸ್ಕ್ರಿಪ್ಟ್ ಮಾಡಿಕೊಟ್ಟೆ, ಅವರು ಐದು ದಿನ ಬೆಳಗ್ಗೆ 6ರಿಂದ ರಾತ್ರಿ 11ರವರೆಗೆ ಗಂಟೆ ಗಂಟೆಗೂ ಬರೆದ್ರು, ಷರಾದಲ್ಲಿ ಆ ಹೊತ್ತಿಗೆ ಮನೇಲಿ ಏನೇನು ಓಡ್ತಾ ಇತ್ತು ಅಂತ.

ಆ ಡೈರಿ ನೋಡಿದ್ರೆ ಎಲ್ಲಾ ಅರ್ಥ ಆಗುತ್ತೆ. ಬೆಳಗ್ಗೆ ಏಳೂವರೆಗೆ ಅಮ್ಮ ಚಟ್ನಿಗೆ ಮಿಕ್ಸಿ ಹಾಕಿದ್ರೆ ಎರಡು ನಿಮಿಷ 70ಕ್ಕೆ ಇಳಿಯುತ್ತೆ, ನಿಲ್ಲಿಸಿದ ತಕ್ಷಣ ಏರುತ್ತೆ, ಅದು ತೊಂದ್ರೆ ಅಲ್ಲ. ಫ್ರಿಜ್‌ನಿಂದ ಏನೂ ವ್ಯತ್ಯಾಸ ಇಲ್ಲ. ಸಂಜೆ ಆರೂವರೆಯಿಂದ ಲೈಟ್ ಎಲ್ಲಾ ಹಾಕಿದ ಮೇಲೆ ಶುರುವಾಗೋದೇ ನಿಜವಾದ ಇಳಿತ. ಒಂದೊಂದೇ ಕಿತ್ತು ನೋಡಿದಾಗ ಸಿಕ್ಕಿದ್ದು ಎರಡು, ಮಹಡಿ ಬಾಲ್ಕನಿಯ ಒಂದು ಎಲ್‌ಇಡಿ ಬಲ್ಬು, ಮತ್ತೆ ನನ್ನ ಟೇಬಲ್ ಪಕ್ಕದಲ್ಲೇ ಇದ್ದ ಹೆಸರಿಲ್ಲದ ಮೊಬೈಲ್ ಚಾರ್ಜರ್. ಇಂಥವುಗಳ ಒಳಗೆ ಕರೆಂಟನ್ನ ಸೆಕೆಂಡಿಗೆ ಸಾವಿರಾರು ಸಲ ಆನ್ ಆಫ್ ಮಾಡೋ ಸರ್ಕ್ಯೂಟ್ ಇರುತ್ತೆ, ಫಿಲ್ಟರ್ ಸರಿಯಾಗಿ ಹಾಕಿಲ್ಲ ಅಂದ್ರೆ ಆ ಗಲಾಟೆ ಎಲ್ಲಾ ವಾಪಸ್ ವೈರಿಗೆ ಬರುತ್ತೆ. ಚಾರ್ಜರ್ ಒಂದನ್ನ ಕಿತ್ತಿದ್ದಕ್ಕೆ 88ರಿಂದ 121. ಆಮೇಲೆ ಅಪ್ಪನೇ ಹೇಳಿದ್ದು, ಮೊದಲ ದಿನ ಬೈದು ಪಕ್ಕಕ್ಕಿಟ್ಟಿದ್ದ ಸ್ಪೈಕ್ ಗಾರ್ಡ್‌ನ ತಗೊಂಡು ಚಾರ್ಜರ್, ಮಾನಿಟರ್, ಲ್ಯಾಪ್‌ಟಾಪ್ ಅಡಾಪ್ಟರ್ ಎಲ್ಲಾ ಅದಕ್ಕೆ ಹಾಕು, ಪವರ್‌ಲೈನ್ ಒಂದನ್ನ ಗೋಡೆಗೆ ಬಿಡು ಅಂತ. ಸಿಗ್ನಲ್ ತಡೀತಿದ್ದ ಫಿಲ್ಟರ್ ಈಗ ಗಲಾಟೇನ ತಡೀತಾ ಇದೆ.

ಕರೆಂಟ್ ಹೋದಾಗ ಏನು ಅಂತ ಕೇಳ್ತೀರ. ಎರಡೂ ಅಡಾಪ್ಟರ್ ಯುಪಿಎಸ್ ಲೈನಿನ ಸಾಕೆಟಲ್ಲಿ ಇದ್ರೆ ಮಾತ್ರ ಓಡುತ್ತೆ, ಒಂದು ಪವರ್ ಸಾಕೆಟಲ್ಲಿ ಇದ್ರೂ ಮುಗೀತು. ನಮ್ಮವು ಎರಡೂ ಯುಪಿಎಸ್ ಲೈನಲ್ಲೇ ಇವೆ, ಆದ್ರೆ ಬ್ಯಾಟರಿ ಮೇಲೆ ಓಡುವಾಗ ನಮ್ಮ ಹಳೇ ಇನ್ವರ್ಟರ್‌ನ ಗಲಾಟೆಗೆ 34ಕ್ಕೆ ಬರುತ್ತೆ. ಮೀಟಿಂಗ್‌ಗೆ ಸಾಕು.

ಪಿಂಗ್ (ಒಂದು ಸಂದೇಶ ಹೋಗಿ ಉತ್ತರ ಬರೋಕೆ ಹಿಡಿಯೋ ಟೈಮು) ಬಗ್ಗೆ ಯಾರೂ ಬರೆಯಲ್ಲ, ನಂಗೆ ಸ್ಪೀಡಿಗಿಂತ ಅದೇ ಮುಖ್ಯ ಆಯ್ತು. ರೌಟರ್‌ಗೆ 4, 5 ಮಿಲಿಸೆಕೆಂಡ್, ಇಡೀ ದಿನ ಹಾಗೇ. ವೈಫೈನಲ್ಲಿ ಅದೇ ಜಾಗದಿಂದ ಒಮ್ಮೆ 3 ಬಂದ್ರೆ ಒಮ್ಮೆ 200 ದಾಟುತ್ತೆ. ಹಾಂ, ಇನ್ನೊಂದು, ಪೇರ್ ಬಟನ್ ಒತ್ತದೇ ಬಿಡಬೇಡಿ. ಎಷ್ಟೋ ಅಡಾಪ್ಟರ್‌ಗಳು ಕಾರ್ಖಾನೆಯಿಂದ ಒಂದೇ ಪಾಸ್‌ವರ್ಡಲ್ಲಿ ಬರ್ತವೆ, ಸಿಗ್ನಲ್ ನಿಮ್ಮ ಕರೆಂಟ್ ಮೀಟರ್ ದಾಟಿ ಪಕ್ಕದ ಮನೆಗೂ ಹೋಗಬಹುದು, ಬಟನ್ ಒತ್ತಿದ್ರೆ ನಿಮ್ಮದೇ ಕೀ ಆಗುತ್ತೆ.

ನಿಮ್ಮ ಮನೇಲಿ ಇದನ್ನ ಹಾಕಿರೋರು ಸ್ಪೀಡ್ ಬರೆಯುವಾಗ ವೈರಿಂಗ್ ಎಷ್ಟು ವರ್ಷದ್ದು, ಸಿಂಗಲ್ ಫೇಸಾ ತ್ರೀ ಫೇಸಾ, ಅರ್ಥ್ ಇದೆಯಾ, ಎಷ್ಟೊತ್ತಲ್ಲಿ ಅಳೆದಿದ್ದು ಅಂತ ದಯವಿಟ್ಟು ಅದನ್ನೂ ಬರೀರಿ, ಅದಿಲ್ಲದೆ ಬರೀ ಅಂಕಿಯಿಂದ ಇನ್ನೊಬ್ಬರಿಗೆ ಏನೂ ತಿಳಿಯಲ್ಲ. ನಮ್ಮದು, ಬಾಲ್ಕನಿ ಬಲ್ಬ್ ಬದಲಾಯಿಸಿದ ಮೇಲಿನ ಎರಡು ದಿನದ ಡೈರಿ ಪ್ರಕಾರ, ಜಾಸ್ತಿ ಅಂದ್ರೆ ಬೆಳಗ್ಗೆ 6ಕ್ಕೆ 139, ಕಮ್ಮಿ ಅಂದ್ರೆ ರಾತ್ರಿ 8ಕ್ಕೆ 92. ಷರಾ ಕಾಲಂನಲ್ಲಿ ಅಪ್ಪ ಬರೆದಿರೋದು: "ಪಕ್ಕದ ಮನೆ ಸೀರಿಯಲ್ ಸೆಟ್ ಆನ್, ನಮ್ಮದಲ್ಲ."