ಒಂದೇ ಪೀಸ್ ಸಾಕು ಅಂದರೆ

ನನ್ನ ಸೋದರಮಾವ ಕೆಎಸ್‌ಆರ್‌ಟಿಸಿಯಲ್ಲಿ ಡ್ರೈವರ್ ಆಗಿದ್ದವರು. ಹಾಸನದಿಂದ ಶಿರಾಡಿ ಘಾಟಿ ಇಳಿದು ಮಂಗಳೂರಿಗೆ ಹೋಗುವ ರೂಟಿನಲ್ಲೇ ಸರ್ವೀಸಿನ ಬಹುಪಾಲು ಕಳೆದರು. ಅಕ್ಟೋಬರ್ 31ಕ್ಕೆ ಅವರ ನಿವೃತ್ತಿ ಇತ್ತು. ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲಾ ಡಿಪೋದವರು ಹೇಗೂ ಕೊಡುತ್ತಾರೆ. ನಾನು ಅವರ ರೂಟ್ ಬೋರ್ಡನ್ನೇ ಒಂದು ಟೀ ಶರ್ಟ್ ಮೇಲೆ ಹಾಕಿಸಿಕೊಡೋಣ ಅಂದುಕೊಂಡೆ. ಈಗಿನ ಹಾಗೆ ಎಲ್‌ಇಡಿಯಲ್ಲಿ ಓಡುವ ಅಕ್ಷರ ಅಲ್ಲ, ಮೊದಲೆಲ್ಲಾ ಮುಂದಿನ ಗಾಜಿನ ಹತ್ತಿರ ಸಿಕ್ಕಿಸುತ್ತಿದ್ದರಲ್ಲ, ತಗಡಿನ ಬೋರ್ಡು, ಅದು. ಹಳದಿ ಮೇಲೆ ಕಪ್ಪು ಅಕ್ಷರ: ಹಾಸನ, ಸಕಲೇಶಪುರ, ಗುಂಡ್ಯ, ನೆಲ್ಯಾಡಿ, ಉಪ್ಪಿನಂಗಡಿ, ಬಿ.ಸಿ.ರೋಡ್, ಮಂಗಳೂರು.

ಬೆಂಗಳೂರಲ್ಲಿ ಟೀ ಶರ್ಟ್ ಪ್ರಿಂಟ್ ಮಾಡುವವರಿಗೆ ಬರ ಇಲ್ಲ. ಆದರೆ ಅಕ್ಟೋಬರ್ ಕೊನೆಯಲ್ಲಿ ಅವರ ಹತ್ತಿರ ಹೋಗಿ ನೋಡಿ. ನವೆಂಬರ್ 1 ಮುಂದೆ ನಿಂತಿರುತ್ತೆ. ಬಡಾವಣೆ ಸಂಘ, ಆಟೋ ಸ್ಟ್ಯಾಂಡು, ಐಟಿ ಕಂಪನಿಯ ಕನ್ನಡ ಬಳಗ ಎಲ್ಲರಿಗೂ ರಾಜ್ಯೋತ್ಸವದ ಟೀ ಶರ್ಟ್ ಬೇಕು. ನಾನು ಹೋದ ಮೊದಲ ಅಂಗಡಿಯಲ್ಲಿ ಕಾಲಿಡಲೂ ಜಾಗ ಇರಲಿಲ್ಲ, ಎಲ್ಲಿ ನೋಡಿದರೂ ಹಳದಿ ಕೆಂಪು ಮೂಟೆ. "ಎಷ್ಟು ಪೀಸ್?" ಅಂದರು. "ಒಂದು" ಅಂದೆ. ಅವರು ತಲೆ ಎತ್ತಿ ನನ್ನನ್ನು ಒಮ್ಮೆ ನೋಡಿ ಮತ್ತೆ ಕೆಲಸಕ್ಕೆ ಬಗ್ಗಿದರು.

ಬೇಜಾರಾಯಿತು, ನಿಜ. ಆದರೆ ಅಲ್ಲೇ ನಿಂತು ಅವರ ಕೆಲಸ ನೋಡಿದ ಮೇಲೆ ಅವರದ್ದೂ ಸರಿ ಅನಿಸಿತು. ಅದು ಸ್ಕ್ರೀನ್ ಪ್ರಿಂಟಿಂಗ್. ಒಂದೊಂದು ಬಣ್ಣಕ್ಕೂ ಒಂದೊಂದು ಸ್ಕ್ರೀನ್ ಮಾಡಬೇಕು. ಬಲೆಯಂಥ ಬಟ್ಟೆ ಬಿಗಿದ ಚೌಕಟ್ಟಿಗೆ ಬೆಳಕು ಬಿದ್ದರೆ ಗಟ್ಟಿಯಾಗುವ ಮಸಾಲೆ ಬಳಿದು ಒಣಗಿಸಿ, ಡಿಸೈನಿನ ಫಿಲ್ಮ್ ಇಟ್ಟು ಬೆಳಕಿಗೆ ಹಿಡಿದು, ಆಮೇಲೆ ನೀರಲ್ಲಿ ತೊಳೆದರೆ ಅಕ್ಷರ ಇರುವ ಕಡೆ ಮಾತ್ರ ಬಲೆ ತೆರೆದುಕೊಳ್ಳುತ್ತೆ. ಬಣ್ಣ ಸುರಿದು ರಬ್ಬರ್ ಪಟ್ಟಿಯಿಂದ ಎಳೆಯುವುದು ಕೆಲವೇ ಸೆಕೆಂಡಿನ ಕೆಲಸ. ಅದಕ್ಕೂ ಮುಂಚಿನ ತಯಾರಿ ಒಂದು ಪೀಸಿಗೂ ಅಷ್ಟೇ, ಐನೂರು ಪೀಸಿಗೂ ಅಷ್ಟೇ. ನನ್ನ ಒಂದು ಬೋರ್ಡಿಗೆ ಯಾರು ಅಷ್ಟು ಒದ್ದಾಡುತ್ತಾರೆ, ಅಲ್ವಾ?

ನಮ್ಮ ಏರಿಯಾದಲ್ಲಿ ಕಪ್ ಮೇಲೆ ಫೋಟೋ ಹಾಕಿಕೊಡುವ ಅಂಗಡಿಯವರು ಮಾತ್ರ "ಒಂದಾದ್ರೂ ಮಾಡ್ತೀವಿ, ಈಗ್ಲೇ ಕೊಡ್ತೀವಿ" ಅಂದರು. ಆದರೆ ಅವರದ್ದು ಸಬ್ಲಿಮೇಷನ್. ಶಾಖಕ್ಕೆ ಬಣ್ಣ ಆವಿಯಾಗಿ ಪಾಲಿಯೆಸ್ಟರ್ ನೂಲಿನೊಳಗೆ ಇಳಿಯುತ್ತೆ, ಹತ್ತಿ ಬಟ್ಟೆಗೆ ಅದು ಹಿಡಿಯುವುದಿಲ್ಲ. ಬಿಳಿ ಬಣ್ಣ ಅಂತ ಅದರಲ್ಲಿ ಇಲ್ಲವೇ ಇಲ್ಲ, ಹಾಗಾಗಿ ಬಟ್ಟೆಯೂ ಬಿಳಿ ಅಥವಾ ತೀರಾ ತಿಳಿ ಬಣ್ಣದ್ದೇ ಆಗಬೇಕು. ಅವರು ತೋರಿಸಿದ್ದು ಮೈಗೆ ಅಂಟುವ ಜಾರು ಜಾರು ಜೆರ್ಸಿ. ಮಾವ ಅದನ್ನು ಹಾಕಿಕೊಂಡು ಹೊರಗೆ ಬರುವುದು ನನಗಂತೂ ಊಹೆಗೂ ಸಿಗಲಿಲ್ಲ.

ಅಳತೆ ಬೇಕಿತ್ತು, ಅತ್ತೆಗೆ ಗುಟ್ಟಾಗಿ ಫೋನ್ ಮಾಡಿದೆ.

"ಅತ್ತೆ, ಮಾವಂದು ಸರಿಯಾಗಿ ಕೂರೋ ಒಂದು ಶರ್ಟ್ ಮಂಚದ ಮೇಲೆ ಹಾಸಿ, ಕಂಕುಳಿಂದ ಕಂಕುಳಿಗೆ ಟೇಪ್ ಹಿಡೀರಿ."

"ಇದೇನ್ ಹೊಸ ಶಾಸ್ತ್ರ ಕಣೋ? 22 ಇದೆ. ಅಂದಂಗೆ ಟೀ ಶರ್ಟ್ ಏನಾದ್ರೂ ತರ್ತಿದ್ದೀಯಾ? ಕಾಲರ್ ಇಲ್ದೆ ಇರೋದು ಅವ್ರು ಮುಟ್ಟಲ್ಲ. ಜೇಬೂ ಬೇಕು, ಕನ್ನಡಕ ಎಲ್ಲಿಡ್ತಾರೆ ಮತ್ತೆ? ಖಾಕಿ ಮಾತ್ರ ತರ್ಬೇಡ, ಒಗ್ದು ಒಗ್ದು ಸಾಕಾಗಿದೆ ನಂಗೆ."

ಗುಟ್ಟು ಅಲ್ಲಿಗೇ ಮುಗಿಯಿತು. ಆದರೆ ಉಡುಗೊರೆ ಹೇಗಿರಬೇಕು ಅನ್ನುವುದು ನಿಜವಾಗಿ ತೀರ್ಮಾನ ಆಗಿದ್ದು ಈ ಫೋನಿನಲ್ಲೇ. ನೇವಿ ಬ್ಲೂ, ಕಾಲರ್, ಜೇಬು, 44 ಇಂಚು.

ಕೊನೆಗೆ ಗೆಳೆಯನೊಬ್ಬ ಕಬ್ಬನ್‌ಪೇಟೆ ಕಡೆ ಡಿಟಿಎಫ್, ಅಂದರೆ ಡೈರೆಕ್ಟ್ ಟು ಫಿಲ್ಮ್ ಪ್ರಿಂಟಿಂಗ್ ಮಾಡುವವರೊಬ್ಬರ ನಂಬರ್ ಕೊಟ್ಟ. ಇದರಲ್ಲಿ ಬಟ್ಟೆ ಮೇಲೆ ನೇರವಾಗಿ ಪ್ರಿಂಟ್ ಮಾಡುವುದಿಲ್ಲ. ಪ್ಲಾಸ್ಟಿಕ್ ಫಿಲ್ಮ್ ಮೇಲೆ ಡಿಸೈನನ್ನು ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಸಿ ಹೊಡೆಯುತ್ತಾರೆ. ಮೊದಲು ಬಣ್ಣ, ಅದರ ಮೇಲೆ ಬಿಳಿ. ಶಾಯಿ ಹಸಿಯಿರುವಾಗಲೇ ಅಂಟಿನ ಪುಡಿ ಉದುರಿಸಿ, ಬಿಸಿ ಮಾಡಿ ಕರಗಿಸುತ್ತಾರೆ. ಇಷ್ಟಾದ ಮೇಲೆ ಬಟ್ಟೆ ಮೇಲಿಟ್ಟು ಬಿಸಿ ಪ್ರೆಸ್‌ನಲ್ಲಿ ಒತ್ತಿ ಫಿಲ್ಮ್ ಸುಲಿದರೆ ಬಿಳಿ ಕೆಳಗೆ ಹೋಗಿ ಬಣ್ಣ ಮೇಲೆ ಬರುತ್ತೆ. ಆ ಬಿಳಿ ಇಲ್ಲದಿದ್ದರೆ ನೀಲಿ ಬಟ್ಟೆ ಮೇಲೆ ನನ್ನ ಹಳದಿ ಬೋರ್ಡು ಪಾಚಿ ಬಣ್ಣಕ್ಕೆ ತಿರುಗುತ್ತಿತ್ತು. ಒಂದು ಪೀಸಿನ ಆಸೆಯವರಿಗೆ ಇದೇ ವರ. ಫಿಲ್ಮಿನ ಸುರುಳಿಯಲ್ಲಿ ಯಾರದೋ ದೊಡ್ಡ ಆರ್ಡರ್ ಓಡುವಾಗ ಪಕ್ಕದಲ್ಲಿ ಉಳಿದ ಜಾಗಕ್ಕೆ ನಮ್ಮದನ್ನೂ ಸೇರಿಸಿಬಿಡುತ್ತಾರೆ. ನನ್ನ ಬೋರ್ಡು ಯಾವುದೋ ಕಬಡ್ಡಿ ತಂಡದ ಹೆಸರುಗಳ ಸಂದಿಯಲ್ಲಿ ಕೂತು ಬಂತು.

ಆದರೆ ಅದಕ್ಕೂ ಮುಂಚೆ ಕನ್ನಡದ ಕಾಟ ಒಂದಿತ್ತು. ಊರುಗಳ ಹೆಸರು ಮೊಬೈಲಲ್ಲಿ ಟೈಪ್ ಮಾಡಿ ಕಳಿಸಿದ್ದೆ. ಅವರ ಹಳೇ ಡಿಸೈನ್ ಸಾಫ್ಟ್‌ವೇರಿಗೆ ಹಾಕಿದ ತಕ್ಷಣ ಒತ್ತಕ್ಷರ ಎಲ್ಲಾ ಮೇಲೆದ್ದು ಸಾಲಿಗೆ ನಿಂತವು. ಗುಂಡ್‌ಯ, ನೆಲ್‌ಯಾಡಿ, ಉಪ್‌ಪಿನಂಗಡಿ. ರಸ್ತೆಯಲ್ಲಿ ಎಷ್ಟೋ ಫ್ಲೆಕ್ಸು, ಎಷ್ಟೋ ರಾಜ್ಯೋತ್ಸವದ ಬನಿಯನ್ನು ಹೀಗೇ ಅಚ್ಚಾಗಿ ಓಡಾಡುವುದನ್ನು ನೋಡಿದ್ದೇವೆ, ಯಾರೂ ಕೇಳುವುದಿಲ್ಲ. ಕನ್ನಡದ ಹಬ್ಬಕ್ಕೆ ಅಂತಲೇ ಹೊಲಿಸಿದ ಬಟ್ಟೆಯಲ್ಲಿ ಕನ್ನಡ ಮುರಿದು ಬಿದ್ದಿರುವುದು ನನಗೆ ಯಾವತ್ತೂ ಅರಗದ ವಿಷಯ. ಪುಣ್ಯಕ್ಕೆ ಇವರು ಕಷ್ಟಪಟ್ಟರು, ಕನ್ನಡ ಟೈಪಿಂಗಿನ ನುಡಿ ಸಾಫ್ಟ್‌ವೇರಿನಲ್ಲಿ ಮತ್ತೆ ಟೈಪ್ ಮಾಡಿ, ಅಕ್ಷರಗಳನ್ನು ಗೆರೆಯ ಚಿತ್ರವಾಗಿ ಬದಲಾಯಿಸಿ ವಾಟ್ಸಾಪ್‌ನಲ್ಲಿ ಕಳಿಸಿದರು. ನಾನು ಒಂದೊಂದು ಊರನ್ನೂ ದೊಡ್ಡದು ಮಾಡಿ ನೋಡಿ, ಆಮೇಲೆ ಓಕೆ ಅಂದೆ.

ಇನ್ನೊಂದು ಪಂಚಾಯಿತಿ ಜೇಬಿನದ್ದು. ಗುಂಡಿ ಪಟ್ಟಿ, ಜೇಬಿನ ಹೊಲಿಗೆ ಇದ್ದ ಕಡೆ ಪ್ರೆಸ್ ಸಮನಾಗಿ ಕೂರುವುದಿಲ್ಲವಂತೆ, ಅಂಚು ಏಳುತ್ತಂತೆ. ಬೋರ್ಡು ಬೆನ್ನಿಗೆ ಹೋಯಿತು. ತಿರುಪ್ಪೂರಿಂದ ಬಂದ ಪ್ಲೇನ್ ಕಾಲರ್ ಟೀ ಶರ್ಟು, ಪ್ರಿಂಟು ಎಲ್ಲಾ ಸೇರಿ 650 ರೂಪಾಯಿ ತೆಗೆದುಕೊಂಡರು. ಮೊದಲ ದಿನ ಒಗೆಯಬೇಡಿ, ಒಗೆಯುವಾಗ ಒಳಗಡೆ ಹೊರಗೆ ಮಾಡಿ, ಪ್ರಿಂಟ್ ಮೇಲೆ ನೇರ ಇಸ್ತ್ರಿ ಇಡಬೇಡಿ ಅಂತ ಬುದ್ಧಿವಾದ ಬಿಟ್ಟಿ.

ಬೀಳ್ಕೊಡುಗೆ ಮುಗಿಸಿ ಮನೆಗೆ ಬಂದ ಮಾವ ಶಾಲು ಪಕ್ಕಕ್ಕಿಟ್ಟು ಕವರ್ ಬಿಚ್ಚಿದರು. ಮೊದಲು ಜೇಬು ನೋಡಿದರು. ತಿರುಗಿಸಿ ಬೋರ್ಡು ಓದಿದರು, ಬೆರಳಿಟ್ಟು, ಹಾಸನದಿಂದ ಮಂಗಳೂರಿನ ತನಕ. "ಬೋರ್ಡು ಮುಂದಿರ್ಬೇಕಲ್ವೇನೋ, ಜನ ಬಸ್ ಹೋದ್ಮೇಲೆ ಓದ್ತಾರಾ?" ಅಂತ ನಕ್ಕರು. ಮಳೆಗಾಲದಲ್ಲಿ ಘಾಟಿ ಕುಸಿದು ಬಸ್ಸನ್ನು ಚಾರ್ಮಾಡಿ ಮೇಲೆ ತಿರುಗಿಸಿದ ದಿನಗಳ ಕಥೆ ಶುರುವಾಯಿತು. ಅತ್ತೆ ಊಟಕ್ಕೆ ಕರೆದಿದ್ದು ಯಾರಿಗೂ ಕೇಳಿಸಲಿಲ್ಲ.

ಮರುದಿನ ಅದನ್ನೇ ಹಾಕಿಕೊಂಡು ಡಿಪೋ ಕಡೆ ಒಂದು ಸುತ್ತು ಹೋಗಿ ಬಂದಿದ್ದಾರೆ, ರಿಟೈರ್ ಆದವರಿಗೆ ಅಲ್ಲೇನು ಕೆಲಸ ಅಂತ ಕೇಳಬೇಡಿ. ಸಂಜೆ ನನಗೆ ಫೋನು. ಅವರ ಗೆಳೆಯರಿಗೂ ಬೇಕಂತೆ. ನನಗೆ ಖುಷಿ, ಈ ಸಲವಾದರೂ ಹತ್ತು ಪೀಸ್ ಅಂತ ಗತ್ತಿನಿಂದ ಹೇಳಬಹುದು ಅಂತ. "ಎಲ್ಲಾ ನಿನ್ನ ಬೋರ್ಡೇ ಹಾಕ್ಬೇಡ ಮತ್ತೆ" ಅಂದರು ಮಾವ, "ಒಬ್ಬಂದು ಅರಕಲಗೂಡು, ಒಬ್ಬಂದು ಬೇಲೂರು ಚಿಕ್ಕಮಗಳೂರು, ಅವರವರ ರೂಟು ಅವರವರಿಗೆ." ಕಬ್ಬನ್‌ಪೇಟೆಯವರಿಗೆ ಫೋನ್ ಮಾಡಿ ಹೇಳಿದೆ. "ಮತ್ತೆ ಒಂದೊಂದೇನಾ ಸಾರ್?" ಅಂದರು. ಎಲ್ಲಾ ಒಂದೇ ಫಿಲ್ಮಿನಲ್ಲಿ ಹಿಡಿಸುತ್ತೀನಿ, ಸೈಜು ಕಳಿಸಿ, ಊರಿನ ಹೆಸರು ಮಾತ್ರ ಕಾಗದದ ಮೇಲೆ ಬರೆದು ಫೋಟೋ ಹೊಡೆದು ಕಳಿಸಿ ಅಂದರು.