ಲಾಗಿನ ಕೊನೆಯ ಸಾಲನ್ನು ನಂಬುವ ಮೊದಲು

ಕಾರ್ಖಾನೆಗಳ ವಿದ್ಯುತ್ ಮೀಟರುಗಳಿಂದ ರೀಡಿಂಗ್ ತೆಗೆದು ಸರ್ವರಿಗೆ ಕಳಿಸುವ ಪುಟ್ಟ ಲಿನಕ್ಸ್ ಪೆಟ್ಟಿಗೆಗಳಿಗೆ ಪ್ರೋಗ್ರಾಂ ಬರೆಯುವುದು ನಮ್ಮ ತಂಡದ ಕೆಲಸ. ಎಲ್ಲ ಸಿ ಭಾಷೆಯಲ್ಲಿ. ಹೊಸ ಲಿನಕ್ಸ್ ಇಮೇಜಿಗೆ (ಪೆಟ್ಟಿಗೆಗೆ ತುಂಬುವ ಇಡೀ ಸಿಸ್ಟಮ್ಮಿನ ಪ್ರತಿಗೆ) ಬಂದ ಮೇಲೆ ಪ್ರೋಗ್ರಾಂ ಆಗಾಗ ಬೀಳತೊಡಗಿತು. ಬಿದ್ದಾಗಲೆಲ್ಲ ಲಾಗಿನ (ಪ್ರೋಗ್ರಾಂ ತಾನು ಮಾಡಿದ್ದನ್ನು ಬರೆದಿಡುವ ಫೈಲಿನ) ತುದಿಯಲ್ಲಿ ಪಾರ್ಸರಿನದೇ, ಅಂದರೆ ಬಂದ ರೀಡಿಂಗನ್ನು ಬಿಡಿಸಿ ಓದುವ ಕೋಡಿನದೇ, ಸಾಲು. ತಂಡದ ಹುಡುಗ ಪಾರ್ಸರ್ ಕೋಡನ್ನು ಸಾಲುಸಾಲಾಗಿ ಜಾಲಾಡುತ್ತಿದ್ದ.

"ಸರ್, ಪಾರ್ಸರ್‌ನಲ್ಲೇ ಸಾಯ್ತಿದೆ. ಆಮೇಲೆ ಒಂದು ಸಾಲೂ ಇಲ್ಲ ನೋಡಿ."

"ಫೈಲ್ ಸೈಜ್ ಎಷ್ಟಿದೆ, ಮೊದಲು ಅದನ್ನ ನೋಡು."

12288 ಬೈಟ್. ಅಂದರೆ 4096ರ ಮೂರು ಪಟ್ಟು, ಒಂದು ಬೈಟ್ ಹೆಚ್ಚಿಲ್ಲ, ಕಡಿಮೆಯಿಲ್ಲ. ಕೊನೆಯ ಸಾಲಿನಲ್ಲಿ 'ಮೀಟರ್' ಅನ್ನುವ ಪದ ಅರ್ಧಕ್ಕೇ ತುಂಡಾಗಿತ್ತು. ಪದದ ನಡುವೆ ನಿಂತ ಲಾಗು ಪ್ರೋಗ್ರಾಂ ಎಲ್ಲಿ ಸತ್ತಿತು ಅಂತ ಹೇಳುವುದಿಲ್ಲ, ಬಫರ್ (ಬರೆದದ್ದು ಫೈಲಿಗೆ ಹೋಗುವ ಮುನ್ನ ಕೂಡಿಕೊಳ್ಳುವ ಮೆಮೊರಿಯ ತುಣುಕು) ಕೊನೆಯ ಸಲ ಎಲ್ಲಿ ತುಂಬಿತು ಅಂತ ಮಾತ್ರ ಹೇಳುತ್ತದೆ. ಅದಾದ ಮೇಲೆ ಪ್ರೋಗ್ರಾಂ ಇನ್ನೂ ಎಷ್ಟೋ ಸಾಲು ಬರೆದಿತ್ತು. ಅವೆಲ್ಲ ಅದರ ಮೆಮೊರಿಯಲ್ಲೇ ಇದ್ದು ಅದರ ಜೊತೆಗೇ ಹೋದವು.

ಫೈಲಿಗೆ ಬರೆಯುವ ಎಫ್‌ಪ್ರಿಂಟ್‌ಎಫ್ ಫಂಕ್ಷನ್ ಕರೆದಾಗ ಅಕ್ಷರಗಳು ಮೊದಲು ಸಿ ಲೈಬ್ರರಿಯ ಬಫರಿಗೆ ಹೋಗುತ್ತವೆ. ಬಫರ್ ತುಂಬಿದಾಗ ಲೈಬ್ರರಿ ಒಂದೇ ರೈಟ್ ಸಿಸ್ಟಂ ಕಾಲ್‌ನಲ್ಲಿ ಅಷ್ಟನ್ನೂ ಕರ್ನಲ್‌ಗೆ (ಆಪರೇಟಿಂಗ್ ಸಿಸ್ಟಮ್ಮಿನ ತಿರುಳಿಗೆ) ಕೊಡುತ್ತದೆ. ಹೀಗೆ ಬಫರ್ ಖಾಲಿ ಮಾಡುವುದೇ ಫ್ಲಶ್. ನಮ್ಮ ಲಿನಕ್ಸಿನ ಸಿ ಲೈಬ್ರರಿಯಾದ ಜಿಲಿಬ್‌ಸಿ ಈ ಬಫರಿನ ಅಳತೆಯನ್ನು ಫೈಲ್ ಸಿಸ್ಟಮ್ಮಿನ ಬ್ಲಾಕ್ ಸೈಜ್ ನೋಡಿ ಇಟ್ಟುಕೊಳ್ಳುತ್ತದೆ. ನಮ್ಮ ಪೆಟ್ಟಿಗೆಯಲ್ಲಿ ಅದು 4096. ಅದೇ ಪ್ರೋಗ್ರಾಂ ಟರ್ಮಿನಲ್ಲಿಗೆ ಬರೆಯುವಾಗ ಮಾತ್ರ ಸಾಲು ಮುಗಿದ ಕೂಡಲೇ ಹೊರಗೆ ಕಳಿಸುತ್ತದೆ. ಹಾಗಾಗಿ ಡೆಸ್ಕಿನ ಮುಂದೆ ಕೂತು ಓಡಿಸಿದಾಗ ಪ್ರತಿ ಸಾಲೂ ಕಣ್ಣಿಗೆ ಬೀಳುತ್ತದೆ, ಫೈಲಿಗೋ ಪೈಪಿಗೋ ತಿರುಗಿಸಿದರೆ ಮಾಯ. ಎರರ್ ಸಂದೇಶಗಳು ಹೋಗುವ ಎಸ್‌ಟಿಡಿಎರರ್‌ಗೆ ಬಫರ್ ಇರುವುದಿಲ್ಲ, ನಿಜ. ಆದರೆ ನಮ್ಮ ಪ್ರೋಗ್ರಾಂ ಡೀಮನ್ ಆಗಿ (ಹಿನ್ನೆಲೆಯಲ್ಲಿ) ಓಡುವುದರಿಂದ ಅದನ್ನು ಬರೆದದ್ದನ್ನೆಲ್ಲ ಎಸೆದುಬಿಡುವ ಡೆವ್ ನಲ್‌ಗೆ ಬಿಟ್ಟಿತ್ತು.

ಹುಡುಗ ಕೇಳಿದ ಪ್ರಶ್ನೆ ಸರಿಯಾಗಿತ್ತು: ಹಳೆಯ ಇಮೇಜಿನಲ್ಲಿ ಇದೇ ಕೋಡ್ ಬಿದ್ದಾಗ ಲಾಗು ಪೂರ್ತಿ ಸಿಗುತ್ತಿತ್ತಲ್ಲ? ಸಿಗುತ್ತಿತ್ತು. ಕೋಡಿನೊಳಗಿನ ಷರತ್ತಿನ ಪರೀಕ್ಷೆಯಾದ ಅಸರ್ಟ್ ಸೋತರೆ ಅದು ಪ್ರೋಗ್ರಾಮನ್ನು ಅಲ್ಲೇ ನಿಲ್ಲಿಸುವ ಅಬಾರ್ಟ್ ಅನ್ನು ಕರೆಯುತ್ತದೆ. ಆಗ ತೆರೆದ ಸ್ಟ್ರೀಮುಗಳನ್ನು (ಲೈಬ್ರರಿಯ ಮೂಲಕ ತೆರೆದ ಫೈಲುಗಳನ್ನು) ಫ್ಲಶ್ ಮಾಡಬೇಕೋ ಬೇಡವೋ ಅನ್ನುವುದನ್ನು ಸಿ ಸ್ಟ್ಯಾಂಡರ್ಡ್ ಆಯಾ ಲೈಬ್ರರಿಗೆ ಬಿಟ್ಟಿದೆ. ಹಳೆಯ ಜಿಲಿಬ್‌ಸಿ ಫ್ಲಶ್ ಮಾಡುತ್ತಿತ್ತು. ಮೆಮೊರಿ ಕೆಟ್ಟ ಸ್ಥಿತಿಯಲ್ಲಿ ಹಾಗೆ ಮಾಡಹೋಗಿ ಪ್ರೋಗ್ರಾಂ ಡೆಡ್‌ಲಾಕ್ ಆಗುವುದು (ಬಿಡುಗಡೆಯಾಗದ ಬೀಗಕ್ಕೆ ಕಾಯುತ್ತ ನಿಂತುಬಿಡುವುದು), ಡೇಟಾ ಇನ್ನಷ್ಟು ಕೆಡುವುದು ನಡೆಯುತ್ತಿದ್ದುದರಿಂದ 2018ರಲ್ಲಿ ಬಂದ 2.27ನೇ ಆವೃತ್ತಿಯಲ್ಲಿ ಅದನ್ನು ತೆಗೆದುಹಾಕಿದರು. ಆ ನಿರ್ಧಾರ ಸರಿ ಎಂದೇ ನನ್ನ ಅಭಿಪ್ರಾಯ. ಮೇನ್‌ನಿಂದ ಹಿಂದಿರುಗಿದರೆ ಅಥವಾ ಎಕ್ಸಿಟ್ ಕರೆದರೆ ಫ್ಲಶ್ ಆಗುತ್ತದೆ. ಸೆಗ್‌ಫಾಲ್ಟ್ (ಮುಟ್ಟಬಾರದ ಮೆಮೊರಿ ಮುಟ್ಟಿ ಬೀಳುವುದು) ಆದರೆ, ಬಲವಂತವಾಗಿ ಸಾಯಿಸುವ ಕಿಲ್ ಮೈನಸ್ 9 ಕೊಟ್ಟರೆ, ಲೈಬ್ರರಿಯ ಶುಚಿಗೊಳಿಸುವ ಕೆಲಸ ಬಿಟ್ಟು ನೇರ ಮುಗಿಸುವ ಅಂಡರ್‌ಸ್ಕೋರ್ ಎಕ್ಸಿಟ್ ಕರೆದರೆ ಆಗುವುದಿಲ್ಲ.

ಪ್ರತಿ ಎಫ್‌ಪ್ರಿಂಟ್‌ಎಫ್ ಕೆಳಗೂ ಒಂದು ಎಫ್‌ಫ್ಲಶ್ (ಫ್ಲಶ್ ಮಾಡಿಸುವ ಫಂಕ್ಷನ್) ಹಾಕಿಬಿಡೋಣ ಎಂಬ ಮಾತು ಬಂತು. ನಾನು ಒಪ್ಪಲಿಲ್ಲ. ನಾಳೆ ಹೊಸ ಸಾಲು ಸೇರಿಸುವವರು ಅದನ್ನು ಮರೆಯುತ್ತಾರೆ, ಮರೆತ ಜಾಗದಲ್ಲೇ ಪ್ರೋಗ್ರಾಂ ಬೀಳುತ್ತದೆ. ಲಾಗ್ ಫೈಲ್ ತೆರೆದ ಕೂಡಲೇ, ಒಂದಕ್ಷರವನ್ನೂ ಬರೆಯುವ ಮೊದಲು, ಬಫರಿಂಗ್ ಬಗೆ ಬದಲಿಸುವ ಸೆಟ್‌ವಿಬಫ್ ಕರೆದು ಅದನ್ನು ಲೈನ್ ಬಫರಿಂಗ್‌ಗೆ (ಸಾಲು ಮುಗಿದಾಗಲೆಲ್ಲ ಫ್ಲಶ್ ಆಗುವಂತೆ) ಹಾಕಿದೆವು. ಸಿಸ್ಟಂ ಕಾಲ್‌ಗಳನ್ನು ತೋರಿಸುವ ಎಸ್‌ಟ್ರೇಸ್ ಹಚ್ಚಿ ನೋಡಿದರೆ ಸಾಲಿಗೊಂದು ರೈಟ್ ಹೋಗುತ್ತಿರುವುದು ಸ್ಪಷ್ಟವಾಗಿ ಕಾಣುತ್ತಿತ್ತು. ಮುಂದಿನ ಸಲ ಬಿದ್ದಾಗ ಲಾಗು ಪಾರ್ಸರನ್ನು ದಾಟಿ, ಸರ್ವರಿಗೆ ಕಳಿಸುವ ಕ್ಯೂ ಖಾಲಿ ಮಾಡುವ ಕೋಡಿಗೆ ಬಂದು ನಿಂತಿತು. ತಪ್ಪಿದ್ದದ್ದು ಅಲ್ಲಿ. ಪಾರ್ಸರಿನಲ್ಲಿ ಏನೂ ದೋಷವಿರಲಿಲ್ಲ.

ರೀಡಿಂಗ್ ಬರೆಯುವ ಡೇಟಾ ಫೈಲಿಗೆ ಮಾತ್ರ ಪೂರ್ತಿ ಬಫರಿಂಗನ್ನೇ ಉಳಿಸಿಕೊಂಡೆವು. ಒಂದು ಸುತ್ತಿನ ರೀಡಿಂಗ್ ಮುಗಿದಾಗ ಒಮ್ಮೆ ಫ್ಲಶ್, ಸಾಕು. ಎಲ್ಲಿ ಕಳೆದುಕೊಂಡರೆ ನಡೆಯುತ್ತದೆ, ಎಲ್ಲಿ ನಡೆಯುವುದಿಲ್ಲ ಎಂದು ಕೂತು ಯೋಚಿಸಬೇಕಾದ ಜಾಗ ಅದು. ಪ್ರೋಗ್ರಾಂ ಬೀಳುವಾಗ ಓಡುವ ಸಿಗ್ನಲ್ ಹ್ಯಾಂಡ್ಲರಿನೊಳಗೆ ಎಫ್‌ಫ್ಲಶ್ ಕರೆದು ಪಾರಾಗುತ್ತೇವೆ ಅಂದುಕೊಂಡರೆ ಅದೂ ಕೂಡದು. ಅಲ್ಲಿ ಕರೆಯಲು ಸುರಕ್ಷಿತವಾದ ಫಂಕ್ಷನ್ನುಗಳ ಪಟ್ಟಿಯಲ್ಲಿ ಅದಿಲ್ಲ, ನೇರ ರೈಟ್ ಇದೆ. ಫೋರ್ಕ್ ಮಾಡುವ (ಪ್ರೋಗ್ರಾಮಿನ ನಕಲಾದ ಮಗು ಪ್ರೋಸೆಸ್ ಹುಟ್ಟಿಸುವ) ಮುನ್ನವೂ ಫ್ಲಶ್ ಮಾಡಿ. ಇಲ್ಲದಿದ್ದರೆ ಬಫರಿನಲ್ಲಿ ಉಳಿದದ್ದರ ನಕಲು ಮಗು ಪ್ರೋಸೆಸ್ಸಿಗೂ ಹೋಗಿ, ಅದೂ ಎಕ್ಸಿಟ್ ಕರೆದಾಗ ಒಂದೇ ಸಾಲು ಫೈಲಿನಲ್ಲಿ ಎರಡು ಸಲ ಬೀಳುತ್ತದೆ. ಇಂಟರ್‌ವ್ಯೂಗೆ ಬರುವ ಮಕ್ಕಳಲ್ಲಿ ಹಲವರಿಗೆ ಎಫ್‌ಫ್ಲಶ್ ಅಂದರೆ ಎಸ್‌ಟಿಡಿಇನ್ (ಕೀಬೋರ್ಡಿನಿಂದ ಬರುವ ಇನ್‌ಪುಟ್) ತೊಳೆಯುವ ಫಂಕ್ಷನ್ ಅಂತಲೇ ಗೊತ್ತು. ಕಾಲೇಜಿನ ಲ್ಯಾಬಿನಲ್ಲಿ ಹಾಗೆ ಕಲಿತಿರುತ್ತಾರೆ. ಸ್ಟ್ಯಾಂಡರ್ಡ್ ಪ್ರಕಾರ ಅದು ಬರೆಯುವ ಸ್ಟ್ರೀಮಿಗೆ ಇರುವಂಥದ್ದು, ಓದುವ ಸ್ಟ್ರೀಮಿಗೆ ಕರೆದರೆ ಏನಾಗುತ್ತದೆ ಅನ್ನುವುದಕ್ಕೆ ಯಾವ ಭರವಸೆಯೂ ಇಲ್ಲ.

ಇನ್ನು ಕರೆಂಟ್ ಹೋಗುವ ವಿಚಾರ. ಎಫ್‌ಫ್ಲಶ್ ಆದ ಡೇಟಾ ಕರ್ನಲ್ಲಿನ ಪೇಜ್ ಕ್ಯಾಷ್‌ಗೆ (ಡಿಸ್ಕಿಗೆ ಹೋಗುವ ಮುನ್ನ ಇರುವ ಮೆಮೊರಿಗೆ) ಸೇರಿದೆ ಅಷ್ಟೆ. ಪ್ರೋಗ್ರಾಂ ಸತ್ತರೆ ಅದು ಉಳಿಯುತ್ತದೆ, ಪೆಟ್ಟಿಗೆಗೇ ಕರೆಂಟ್ ಹೋದರೆ ಉಳಿಯುವ ಖಾತ್ರಿಯಿಲ್ಲ. ಲಿನಕ್ಸಿನ ಮಾಮೂಲಿ ಸೆಟ್ಟಿಂಗಿನಲ್ಲಿ ಬದಲಾದ ಪೇಜು ಡಿಸ್ಕಿಗೆ ಹೊರಡುವ ಮುಂಚೆ ಸುಮಾರು 30 ಸೆಕೆಂಡ್ ಕಾಯಬಹುದು. ಕಾನ್ಫಿಗ್ ಫೈಲಿನಂಥವಕ್ಕೆ ಆ ಅಪಾಯ ಬೇಡವೆಂದು ಟೆಂಪ್ ಫೈಲಿಗೆ ಬರೆದು, ಎಫ್‌ಫ್ಲಶ್ ಮಾಡಿ, ಆಮೇಲೆ ಡಿಸ್ಕಿಗೇ ತಲುಪಿಸುವ ಎಫ್‌ಸಿಂಕ್ ಮಾಡಿ, ಕೊನೆಗೆ ಹಳೆಯ ಹೆಸರಿಗೆ ರಿನೇಮ್ ಮಾಡುತ್ತೇವೆ. ಡೈರೆಕ್ಟರಿಗೂ ಒಂದು ಎಫ್‌ಸಿಂಕ್ ಕೊಡುತ್ತೇವೆ. ಎಫ್‌ಫ್ಲಶ್, ಎಫ್‌ಸಿಂಕ್ ಎರಡರ ಕ್ರಮ ತಿರುಗುಮುರುಗಾದರೆ ಬಫರಿನಲ್ಲಿ ಇರುವುದನ್ನು ಬಿಟ್ಟು ಮಿಕ್ಕದ್ದನ್ನು ಮಾತ್ರ ಡಿಸ್ಕಿಗೆ ಕಳಿಸಿದಂತಾಗುತ್ತದೆ.

ನಾನು ಕೋಡ್ ರಿವ್ಯೂನಲ್ಲಿ ಬಿಡದೆ ಹುಡುಕುವುದು ಫೈಲ್ ಮುಚ್ಚುವ ಎಫ್‌ಕ್ಲೋಸ್ ಏನು ಹಿಂದಿರುಗಿಸಿತು ಅಂತ ನೋಡಿದ್ದಾರೋ ಇಲ್ಲವೋ ಅನ್ನುವುದನ್ನು. ಡಿಸ್ಕ್ ತುಂಬಿದ್ದರೂ ಎಫ್‌ಪ್ರಿಂಟ್‌ಎಫ್ ಇಷ್ಟು ಅಕ್ಷರ ಬರೆದೆ ಅಂತ ಹೇಳಿ ಹೋಗಿಬಿಡಬಹುದು, ಏಕೆಂದರೆ ಅದು ಬರೆದದ್ದು ಬಫರಿಗೆ. ಜಾಗವಿಲ್ಲ ಎಂಬ ಎರರ್ ಬರುವುದು ಫ್ಲಶ್ ಮಾಡುವಾಗಲೋ ಫೈಲ್ ಮುಚ್ಚುವಾಗಲೋ. ಇದನ್ನು ನೋಡಲು ಡಿಸ್ಕ್ ತುಂಬಿಸಬೇಕಾಗಿಲ್ಲ. ಲಿನಕ್ಸಿನಲ್ಲಿ ಡೆವ್ ಫುಲ್ ಎಂಬ ಫೈಲ್ ಇದೆ, ಏನು ಬರೆದರೂ ಜಾಗವಿಲ್ಲ ಅನ್ನುತ್ತದೆ. ಈಗ ನಮ್ಮ ಪ್ರತಿ ಬಿಲ್ಡಿನಲ್ಲೂ ಡೇಟಾ ಫೈಲಿನ ಜಾಗದಲ್ಲಿ ಅದನ್ನಿಟ್ಟು ಪ್ರೋಗ್ರಾಂ ಓಡಿಸುವ ಒಂದು ಟೆಸ್ಟ್ ಇದೆ. ಪ್ರೋಗ್ರಾಂ ಎರರ್ ಹೇಳದೆ ಸುಮ್ಮನೆ ಮುಗಿದರೆ ಬಿಲ್ಡ್ ಫೇಲ್.