ಎರಡು ದಿಗಂತಗಳ ಅಂಗಳ

ಬಸವನಗುಡಿಯ ಹಳೆಯ ಮನೆಯೊಂದರ ಅಂಗಳಕ್ಕೆ ಹೊಸ ಕಮಾನುಸಾಲು ಸೇರಿಸುವ ಯೋಜನೆಯ ನೋಟಚಿತ್ರವನ್ನು ಸಿದ್ಧಪಡಿಸುವ ಕೆಲಸ ನನ್ನ ಪಾಲಿಗೆ ಬಂದಾಗ, ನಾನು ವಾಸ್ತುಶಿಲ್ಪಿಗಳ ಕಚೇರಿಗೆ ಸೇರಿ ಎರಡು ವರ್ಷವಾಗಿತ್ತು. ಮನೆಯ ಹಳೆಯ ಭಾಗಕ್ಕೆ ಮಹಡಿಯಿಂದ ತೆಗೆದಿದ್ದ ಫೋಟೊ ಬಳಸಿ, ಹೊಸ ಕಮಾನುಗಳನ್ನು ನೆಲದ ಮೇಲೆ ನಿಂತವರ ಕಣ್ಣಿನ ಎತ್ತರದಿಂದ ಕಂಪ್ಯೂಟರ್ ಮಾಡೆಲ್‌ನಿಂದ ರೆಂಡರ್ ಮಾಡಿ (ಚಿತ್ರವಾಗಿ ಮೂಡಿಸಿ), ಎರಡನ್ನೂ ಒಂದೇ ಚಿತ್ರದಲ್ಲಿ ಕೂಡಿಸಿದ್ದೆ. ಗಾರೆಯ ಒರಟು, ಹೆಂಚಿನ ಪಾಚಿ ಎಲ್ಲವೂ ಹೊಂದಿಕೊಂಡಿದ್ದವು. ಮನೆಯೊಡತಿ, ನಿವೃತ್ತ ಶಿಕ್ಷಕಿ, ಬಹಳ ಹೊತ್ತು ನೋಡಿ, “ಚೆನ್ನಾಗಿದೆಯಮ್ಮ, ಆದರೆ ಇಲ್ಲಿ ಒಬ್ಬಳೇ ನಿಲ್ಲುವುದಕ್ಕೆ ಯಾಕೋ ಭಯವಾಗುತ್ತದೆ” ಎಂದರು.

ನಮ್ಮ ಹಿರಿಯರು ಮುದ್ರಿತ ಪ್ರತಿಯ ಮೇಲೆ ಸ್ಕೇಲ್ ಇಟ್ಟು ಗೆರೆಗಳನ್ನು ಹಿಂದಕ್ಕೆ ಎಳೆದರು. ಹಳೆಯ ಸೂರಿನ ಗೆರೆಗಳು ಒಂದು ಎತ್ತರದಲ್ಲಿ ಕೂಡಿದರೆ, ಕಮಾನುಗಳ ಗೆರೆಗಳು ಅದಕ್ಕಿಂತ ಬಹಳ ಕೆಳಗೆ ಕೂಡಿದವು; ಅಂದರೆ ಒಂದೇ ಚಿತ್ರದಲ್ಲಿ ಎರಡು ಕಣ್ಣೆತ್ತರ, ಎರಡು ದಿಗಂತ. ಆಮೇಲೆ ಅವರು ಏನೂ ಹೇಳದೆ, ಇಟಲಿಯ ಚಿತ್ರಕಾರ ಜಾರ್ಜೊ ದೆ ಕಿರಿಕೊ 1914ರಲ್ಲಿ ಬರೆದ ‘ಬೀದಿಯೊಂದರ ರಹಸ್ಯ ಮತ್ತು ವಿಷಾದ’ ಚಿತ್ರದ ಪ್ರತಿಯನ್ನು ನನ್ನ ಮುಂದಿಟ್ಟರು.

ಅದರಲ್ಲಿ ಎಡಕ್ಕೆ ಬೆಳಕು ಬಿದ್ದ ಬಿಳಿಯ ಕಮಾನುಸಾಲು, ಬಲಕ್ಕೆ ಕತ್ತಲೆಯ ಕಟ್ಟಡ, ಅದರ ಎದುರು ಬಾಗಿಲು ತೆರೆದ ಬಂಡಿ. ಆಟದ ಚಕ್ರ ಉರುಳಿಸುತ್ತ ಓಡುವ ಹುಡುಗಿಯ ಎದುರಿಗೆ, ದೇಹವಿಲ್ಲದೆ ನೆರಳಾಗಿ ಮಾತ್ರ ಕಾಣುವ ಇನ್ನೊಬ್ಬರು. ಎರಡು ಕಟ್ಟಡಗಳ ಗೆರೆಗಳು ಒಂದೇ ಬಿಂದುವಿಗೆ ಹೋಗುವುದಿಲ್ಲ, ಬಂಡಿಯೂ ಅವೆರಡಕ್ಕೂ ಒಪ್ಪುವುದಿಲ್ಲ. ಆದ್ದರಿಂದ ನೋಡುವವರಿಗೆ ಆ ಬೀದಿಯಲ್ಲಿ ಕಾಲೂರುವುದಕ್ಕೆ ಜಾಗವೇ ಸಿಗುವುದಿಲ್ಲ. ಫ್ರೆಂಚ್ ಕವಿ ಆಂದ್ರೆ ಬ್ರೆಟನ್ 1924ರಲ್ಲಿ ಅತಿವಾಸ್ತವವಾದದ (ಕನಸಿನ ಲೋಕವನ್ನು ಕಲೆಗೆ ತಂದ ಪಂಥದ) ಪ್ರಣಾಳಿಕೆ ಬರೆಯುವುದಕ್ಕೆ ಹತ್ತು ವರ್ಷ ಮೊದಲೇ, ರಾಕ್ಷಸರನ್ನಾಗಲಿ ಭೂತಗಳನ್ನಾಗಲಿ ಬರೆಯದೆ, ಇಟಲಿಯ ಊರುಗಳ ಸಾಧಾರಣ ಕಮಾನುಗಳಿಂದಲೇ ದೆ ಕಿರಿಕೊ ಈ ಭಯವನ್ನು ಕಟ್ಟಿದ್ದ. ಆತ ಬೇಕೆಂದು ಮಾಡಿದ್ದನ್ನು ನಾನು ತಿಳಿಯದೆ ಮಾಡಿದ್ದೆ, ಅದೂ ಒಬ್ಬರು ಬಾಳಬೇಕಾದ ಮನೆಯ ಚಿತ್ರದಲ್ಲಿ.

ಆ ಶನಿವಾರ ಸಂಜೆ ಕೋಟೆಯ ಹತ್ತಿರದ ಟಿಪ್ಪು ಬೇಸಿಗೆ ಅರಮನೆಗೆ ಹೋಗಿ, ತೇಗದ ಕಂಬಗಳ ಮುಂದೆ ನಿಂತು ಗೆರೆ ಹಾಕಿದೆ. ಸಮತಟ್ಟಾದ ನೆಲದಲ್ಲಿ ನಿಂತು ನೋಡಿದಾಗ, ಹತ್ತಿರದವರಾಗಲಿ ದೂರದವರಾಗಲಿ, ನನ್ನಷ್ಟೇ ಎತ್ತರದವರ ಕಣ್ಣುಗಳೆಲ್ಲ ದಿಗಂತದ ಗೆರೆಯ ಮೇಲೆಯೇ ಬರುತ್ತವೆ ಎಂಬ ಪಾಠವನ್ನು ನಾನು ಓದಿದ್ದೆ, ಕಣ್ಣಾರೆ ಪರೀಕ್ಷಿಸಿರಲಿಲ್ಲ.

ಸೋಮವಾರ ಅಂಗಳದಲ್ಲಿಯೇ ನಿಂತು ಹೊಸ ಫೋಟೊ ತೆಗೆದು, ಆ ಹೊತ್ತಿನ ಬಿಸಿಲಿಗೆ ಮಾಡೆಲ್‌ನ ನೆರಳನ್ನೂ ಹೊಂದಿಸಿ ಚಿತ್ರ ಮುಗಿಸಿದೆ. ಶಿಕ್ಷಕಿ ಎರಡನೆಯ ಕಮಾನಿನ ಕೆಳಗೆ ಬೆರಳಿಟ್ಟು, “ಇಲ್ಲಿ ಕೂತು ಅವರೆಕಾಯಿ ಸುಲಿಯಬಹುದು” ಎಂದರು.